ಸಾಹೇಬರು ಸೋತರೆ ಏನು ಗತಿ

೧

ಶೇಖಮ್ಮನಿಗೆ ಒಂದು ಸಣ್ಣ ಚಿಂತೆ. ಯಾರಿಗೂ ಹೇಳುವಂಥದ್ದಲ್ಲ. ದಿನಚರಿಯಲ್ಲಿ ಬರೆಯುವುದಕ್ಕೂ ನಾಚಿಕೆಯಾಗಿ ನಾಲ್ಕು ದಿನ ಪುಟ ಖಾಲಿ ಬಿಟ್ಟಿದ್ದಳು. ಚಿಂತೆ ಇಷ್ಟೇ: ಅಪ್ಪನ ಚುನಾವಣೆಯ ಹ್ಯಾಂಡ್‌ಬಿಲ್ಲಿಗೆ ಅವಳು ಬರೆದುಕೊಟ್ಟ ವಾಕ್ಯ ಚೆನ್ನಾಗಿತ್ತು.

'ಇಷ್ಟು ವರ್ಷ ಕೂತು ನಿಮ್ಮ ಮಾತು ಕೇಳಿದವರು, ಇನ್ನು ಎದ್ದು ನಿಂತು ನಿಮ್ಮ ಮಾತು ಆಡುತ್ತಾರೆ.'

ನೀವೇ ಇನ್ನೊಮ್ಮೆ ಓದಿ ನೋಡಿ. ರಾಯಚೂರಿನ ಪ್ರೆಸ್ಸಿನಲ್ಲಿ ಮೊಳೆ ಜೋಡಿಸುವವನು ಕೈ ನಿಲ್ಲಿಸಿ, "ಯಾರು ಬರದಾರ್ರಿ ಇದನ್ನ?" ಎಂದು ಕೇಳಿದನಂತೆ. ಆ ಸುದ್ದಿ ಮಾನ್ವಿಗೆ ಬಂದಾಗ ಶೇಖಮ್ಮ ಜೋಳದ ಹಿಟ್ಟು ಸಾಣಿಸುತ್ತಿದ್ದಳು. ಮುಖ ತಗ್ಗಿಸಿಕೊಂಡೇ ಹಿಗ್ಗಿದಳು. ವಾಕ್ಯ ಸುಳ್ಳು ಎಂದು ಗೊತ್ತಿದ್ದೂ ಹಿಗ್ಗಿದಳು. ಚಿಂತೆ ಅದೇ.

ಕಥೆಯನ್ನು ಇಲ್ಲಿಂದ ಶುರು ಮಾಡಬಹುದೇ, ಓದುಗರೇ? ಒಂದು ಹ್ಯಾಂಡ್‌ಬಿಲ್ಲಿನಿಂದ? ದೊಡ್ಡ ಲೇಖಕರು ಮಳೆಯಿಂದ ಶುರು ಮಾಡುತ್ತಾರೆ. ಮಾನ್ವಿಯಲ್ಲಿ ಮಳೆಗಾಗಿ ಕಾದು ಕೂತರೆ ಕಥೆ ಶುರುವಾಗುವುದು ಯಾವಾಗ? ತಾರೀಖಿನಿಂದ ಶುರು ಮಾಡೋಣವೆಂದರೆ ಮನೆಯಲ್ಲಿ ಮೂರು ಲೆಕ್ಕ: ಅಪ್ಪನ ಕಚೇರಿಗೆ ಫಸಲಿ ೧೩೫೬, ರಾಯಚೂರಿನ ಮನೆಯಲ್ಲಿರುವ ಅವ್ವನಿಗೆ ಶಾಲಿವಾಹನ ಶಕೆ, ಶೇಖಮ್ಮ ಓದಿದ ಹೈದರಾಬಾದಿನ ಕಾಲೇಜಿಗೆ ಇಂಗ್ಲಿಷ್ ೧೯೪೭. ಮೂರರಲ್ಲಿ ಯಾವುದನ್ನು ಬರೆದರೂ ಅದರ ಕೆಳಗೆ ಬರೆಯಬೇಕಾದದ್ದು ಒಂದೇ: 'ಶೇಖಮ್ಮ ಇವತ್ತೂ ಸುಮ್ಮನಿದ್ದಳು.'

(ಇದನ್ನು ಬರೆಯುತ್ತಿರುವವಳೂ ಶೇಖಮ್ಮನೇ. ಮುಚ್ಚಿಟ್ಟು ಆಮೇಲೆ ಬೆರಗುಗೊಳಿಸುವ ಆಟ ಬೇಡ. ಬಿ.ಎ. ಮಾಡಿದ ಹುಡುಗಿ, ದರ್ಗಾಕ್ಕೆ ಹರಕೆ ಹೊತ್ತು ಹುಟ್ಟಿದ್ದಕ್ಕೆ ಈ ಹೆಸರು. ಮಂದಿಯ ಮುಂದೆ ಬಾಯಿ ಬಿಡಳು. ತನ್ನನ್ನು ತಾನು ಬಾಗಿಲ ಸಂದಿಯಿಂದ ನೋಡಿದ ಹಾಗೆ ನೋಡಿ ಬರೆಯುವುದು ಅವಳ ಚಟ. ಸಹಿಸಿಕೊಳ್ಳಿ.)

೨

ಗೊತ್ತಿರಬೇಕಾದ ಸಂಗತಿಗಳನ್ನು ಒಂದೇ ಉಸಿರಿಗೆ ಹೇಳಿಬಿಡುತ್ತೇನೆ. ಇದರಲ್ಲಿ ಕಲೆ ಏನೂ ಇಲ್ಲ.

ಅಪ್ಪ ವಿರೂಪಣ್ಣ, ಮಾನ್ವಿಯ ಮುನ್ಸಿಫ್. ಹೊಲ, ಬದು, ಬಾವಿ, ನಡುಗೋಡೆಯ ತಕರಾರುಗಳನ್ನು ಕೇಳಿ ಉರ್ದುವಿನಲ್ಲಿ ಫೈಸಲಾ ಬರೆಯುವ ನ್ಯಾಯಾಧೀಶರು. ಆರು ವರ್ಷದಲ್ಲಿ ಒಬ್ಬ ಕಕ್ಷಿದಾರನ ಮನೆಯ ನೀರನ್ನೂ ಕುಡಿದವರಲ್ಲ. ದೇವರ ಪ್ರಸಾದವೆಂದು ಯಾರೋ ತಂದುಕೊಟ್ಟ ಬಾಳೆಹಣ್ಣನ್ನು ಕಚೇರಿಯ ಮುಂದೆ ನಿಂತಿದ್ದ ಹೋರಿಗೆ ತಿನ್ನಿಸಿದವರು. ಈಗ ಹೈದರಾಬಾದಿನ ಹೊಸ ಮಜ್ಲಿಸ್ಸಿಗೆ, ಅಂದರೆ ಶಾಸನಸಭೆಗೆ, ಮಾನ್ವಿ-ದೇವದುರ್ಗ ಎರಡೂ ಸೇರಿದ ಜಾಗಕ್ಕೆ ಉಮೇದುವಾರರು. ಕುರ್ಚಿ ಬಿಟ್ಟಿಲ್ಲ. ಬೆಳಿಗ್ಗೆ ಹತ್ತೂವರೆಗೆ ಕಚೇರಿ, ಸಂಜೆ ಐದಕ್ಕೆ ಭಾಷಣ.

(ಆ ಕಾಲದ ಅಸಲಿ ಕಾಯ್ದೆ ಏನು ಹೇಳುತ್ತಿತ್ತೋ ವಕೀಲರು ಹುಡುಕಿಕೊಳ್ಳಲಿ. ಈ ಕಥೆಯ ಕಾಯ್ದೆ ಕಥೆಯಷ್ಟೇ ಸಣ್ಣದು: ಮುನ್ಸಿಫರು ಚುನಾವಣೆಗೆ ನಿಲ್ಲಬಾರದೆಂದು ಅದರಲ್ಲಿ ಎಲ್ಲೂ ಬರೆದಿಲ್ಲ. ಗೆದ್ದರೆ ರಾಜೀನಾಮೆ. ಸೋತರೆ ಮರುದಿನ ಹತ್ತೂವರೆಗೆ ಅದೇ ಕುರ್ಚಿ. ಮತ ಇರುವುದು ಕಂದಾಯ ಕಟ್ಟುವವರಿಗೆ ಮಾತ್ರ.)

ಅಪ್ಪನದು ತಪ್ಪೇ? ಶೇಖಮ್ಮ ಇದನ್ನು ದಿನಚರಿಯಲ್ಲಿ ನ್ಯಾಯವಾಗಿಯೇ ವಾದ ಮಾಡಿ ನೋಡಿದ್ದಾಳೆ. ಅಪ್ಪನ ಮಾತನ್ನು ಅಪ್ಪ ಆಡಿದ ಹಾಗೇ ಬರೆದಿದ್ದಾಳೆ:

"ಜಮೀನ್ದಾರ ನಿಂತ್ರ ನಡೀತದ. ವಕೀಲ ನಿಂತ್ರ ನಡೀತದ. ಅರಿವಿ ಅಂಗಡಿಯಾವ ನಿಂತ್ರೂ ನಡೀತದ. ದಿನಾ ಈ ಮಂದಿ ಕಷ್ಟ ಕೇಳಿ ಕೇಳಿ ಕಿವಿ ತೂತು ಬಿದ್ದಾವ ನಿಂತ್ರ ಮಾತ್ರ ತಪ್ಪು! ಕಾಯ್ದೆ ಮಾಡೋರಿಗೆ ಕಾಯ್ದೆ ಗೊತ್ತಿರಬಾರದೇನು?"

ಇದಕ್ಕೆ ಶೇಖಮ್ಮ ಪುಟದ ಎಡಬದಿಯಲ್ಲಿ ಕೊಟ್ಟ ಉತ್ತರ ಪ್ರಚಂಡವಾಗಿದೆ. 'ಅಂಗಡಿಯವನಿಗೆ ಮತ ಕೊಡದಿದ್ದರೆ ಅರಿವೆ ಬೇರೆ ಕಡೆ ಕೊಳ್ಳಬಹುದು. ನ್ಯಾಯವನ್ನು ಬೇರೆ ಯಾವ ಅಂಗಡಿಯಲ್ಲಿ ಕೊಳ್ಳಬೇಕು, ಅಪ್ಪಾ? ನಿಮ್ಮ ಕೈಯಲ್ಲಿ ಅವರ ಹೊಲವಿದೆ. ಅದೇ ಕೈಯನ್ನು ಅವರ ಮುಂದೆ ಮುಗಿದು ಮತ ಕೇಳಿದರೆ, ಅವರಿಗೆ ಕಾಣುವುದು ಮುಗಿದ ಕೈಯೋ, ಹೊಲವೋ?'

ದಿನಚರಿಯಲ್ಲಿ ಅಪ್ಪ ಸೋತು ತಲೆ ತಗ್ಗಿಸುತ್ತಾರೆ. ಅಡುಗೆಮನೆಯಲ್ಲಿ ನಡೆದದ್ದು ಇದು:

"ಏನೋ ಅನ್ನಾಕ ಬಂದಂಗಿತ್ತಲ್ಲ ಶೇಖಮ್ಮ?"

"ಇಲ್ರಿ ಅಪ್ಪಾ. ಇನ್ನೊಂದು ರೊಟ್ಟಿ ಹಾಕ್ಲೇನ್ರಿ?"

೩

ಪ್ಲಾಟ್ ಎಲ್ಲಿ ಎಂದು ಕೇಳುವವರಿಗೆ: ಪ್ಲಾಟ್ ನಾಲ್ಕು ಎಕರೆ ಎರೆಭೂಮಿ. ಮಾನ್ವಿಯಿಂದ ನೀರಮಾನ್ವಿಗೆ ಹೋಗುವ ದಾರಿಯಲ್ಲಿ ಎಡಕ್ಕೆ. ಸದ್ಯಕ್ಕೆ ಅದರ ಮೇಲೆ ಬಿಳಿಜೋಳ ಎದೆಮಟ್ಟ ನಿಂತು ತೆನೆ ಬಲಿಸುತ್ತಿದೆ.

ಬಿತ್ತಿದವಳು ಗೋಪಮ್ಮ. ಅವಳ ಗಂಡ ದೇವದುರ್ಗದ ಸಾಹುಕಾರ ರಾಮಲಿಂಗಪ್ಪನ ಮನೆಯಲ್ಲಿ ಎಳೆವಯಸ್ಸಿನಿಂದ ದುಡಿದ. ಅದಕ್ಕೆ ಪ್ರತಿಯಾಗಿ ರಾಮಲಿಂಗಪ್ಪನ ತಂದೆ ಬಾಯಿಮಾತಿನಲ್ಲಿ ಕೊಟ್ಟ ಹೊಲ ಅದು. ಇಪ್ಪತ್ತೆರಡು ವರ್ಷ ಗಂಡ-ಹೆಂಡತಿ ಉತ್ತರು. ಗಂಡ ಸತ್ತ, ಕೊಟ್ಟ ಮುದುಕನೂ ಸತ್ತ. ಮಗ ರಾಮಲಿಂಗಪ್ಪ, "ಕಾಗದ ತೋರಿಸು" ಎಂದ. ಗೋಪಮ್ಮ ಹಾಕಿದ ದಾವೆ ಅಪ್ಪನ ಮುಂದೆ ಬಂತು. ಫೈಸಲಾ ಆಗುವ ತನಕ ಬೆಳೆ ರಾಮಲಿಂಗಪ್ಪನ ಸುಪರ್ದಿಯಲ್ಲಿರಲಿ ಎಂದು ಕಚೇರಿ ಹೇಳಿತು. ಅಂದರೆ ಕೊಯ್ಲಿನ ಮೊದಲು ಫೈಸಲಾ ಆದರೆ ಜೋಳ ಗೋಪಮ್ಮನ ಮನೆಗೆ. ಆಗದಿದ್ದರೆ ರಾಮಲಿಂಗಪ್ಪನ ಹಗೇವಿಗೆ. ನೆಲದಡಿಯ ಆ ಕಣಜಕ್ಕೆ ಒಮ್ಮೆ ಸುರಿದ ಮೇಲೆ ಯಾರ ಜೋಳ ಯಾವುದು ಎಂದು ಜೋಳವೇ ಎದ್ದು ಬಂದು ಸಾಕ್ಷಿ ಹೇಳಬೇಕು.

ಫೈಸಲಾ ಆಗಿದೆ.

ಈ ಎರಡು ಪದದ ಪ್ಯಾರಾ ಬರೆಯಲು ಶೇಖಮ್ಮನಿಗೆ ಎರಡು ತಿಂಗಳು ಹಿಡಿದಿದೆ.

ಅಪ್ಪನ ಕಣ್ಣು ಮಂಜಾಗಿ ಒಂದು ವರ್ಷವಾಯಿತು. ಕಚೇರಿಯ ನಕಲುಗಾರ ಅಕ್ಷರ ನುಂಗುತ್ತಾನೆಂದು ಅವರು ಕರಡನ್ನು ಮನೆಗೆ ತರುತ್ತಾರೆ. ಶೇಖಮ್ಮ ಸಾಫ್ ಪ್ರತಿ ಬರೆಯುತ್ತಾಳೆ. ಮೊದಲ ದಿನವೇ ಅಪ್ಪ ಹೇಳಿದ್ದರು: "ಈ ಹಾಳಿ ಮ್ಯಾಲಿನ ಮಾತು ಹೊಸ್ತಿಲ ದಾಟಬಾರದು. ದಾಟಿದ್ರ ನಾ ಮುನ್ಸಿಫ್ ಅಲ್ಲ, ನೀ ನನ್ನ ಮಗಳಲ್ಲ."

ಬಹಮನ್ ತಿಂಗಳ ಕೊನೆಗೆ, ಅಂದರೆ ಇಂಗ್ಲಿಷಿನ ಹೊಸ ವರ್ಷದ ಆಜುಬಾಜು, ಗೋಪಮ್ಮನ ಫೈಸಲಾ ಬಂತು. ಒಂಬತ್ತು ಹಾಳೆ. ಅದರಲ್ಲಿ ಅಪ್ಪನ ಒಂದು ಮಾತಿತ್ತು: 'ಪ್ರತಿವಾದಿಯ ಕಾಗದಗಳನ್ನು ನೋಡುವ ಮೊದಲು ನಾನು ಆ ಹೊಲದ ಬದುಗಳನ್ನು ನೋಡಿದೆ. ಬದು ಕಟ್ಟಿದ ಕೈ ಯಾರದೆಂದು ಬದುವೇ ಹೇಳುತ್ತದೆ.' ಹೊಲ ಗೋಪಮ್ಮನದು ಎಂದು ಒಂಬತ್ತನೆಯ ಹಾಳೆಯಲ್ಲಿ ಬರೆದಿತ್ತು. ಶೇಖಮ್ಮನಿಗೆ ಕಣ್ಣು ತುಂಬಿ ಬಂದು, ಮಸಿ ಕದಡೀತೆಂದು ಹಾಳೆಯನ್ನು ದೂರ ಹಿಡಿದಳು. ಇಂಥ ಅಪ್ಪನ ಮಗಳು ತಾನು ಎಂದು ಆ ದಿನ ದಿನಚರಿಯಲ್ಲಿ ಎರಡು ಪುಟ ಬರೆದಳು.

ಆ ಎರಡು ಪುಟವನ್ನು ಹರಿಯಬೇಕೋ ಬೇಡವೋ ಎಂದು ಈಗ ಯೋಚಿಸುತ್ತಿದ್ದಾಳೆ. ಏಕೆಂದರೆ ಮುಂದಿನ ವಾರವೇ ರಾಮಲಿಂಗಪ್ಪ ಬಂದ, ದೇವದುರ್ಗ ತಾಲೂಕಿನ ಮತಗಳೆಲ್ಲ ತನ್ನ ಕೈಯಲ್ಲಿವೆ ಎಂದ, ಅಪ್ಪನನ್ನು ಚುನಾವಣೆಗೆ ನಿಲ್ಲಿಸಿದ. ಸಾಫ್ ಪ್ರತಿ ಅಪ್ಪನ ಪೆಟ್ಟಿಗೆ ಸೇರಿತು. ಕಚೇರಿಯಲ್ಲಿ ಓದಲಿಲ್ಲ. ಹರಿಯಲೂ ಇಲ್ಲ. ಗೋಪಮ್ಮನ ಹೆಸರು ಕೂಗಿದಾಗಲೆಲ್ಲ ಅಪ್ಪ, "ಮುಂದಿನ ತಾರೀಖು" ಎನ್ನುತ್ತಾರೆ. ಚುನಾವಣೆ ಮುಗಿದ ಮೇಲಿನ ಒಂದು ತಾರೀಖು.

ಇಲ್ಲಿ ಅಪ್ಪ ಪುಟದೊಳಗಿನಿಂದ ತಲೆ ಎತ್ತಿ ಜಗಳಕ್ಕೆ ಬರುತ್ತಾರೆ.

"ನನ್ನನ್ನ ಖಳನಾಯಕ ಮಾಡಾಕತ್ತೀ ನೀ."

"ಇಲ್ರಿ. ಅದಕ್ಕೇ ಬಾಳೆಹಣ್ಣಿನ ಹೋರಿ ತಂದೀನಿ."

"ನಾ ಲಂಚ ತಿಂದೀನೇನು? ಫೈಸಲಾ ತಿದ್ದೀನೇನು? ನ್ಯಾಯ ಬರದಿಟ್ಟೀನಿ. ಸ್ವಲ್ಪ ತಡ ಮಾಡೀನಿ. ತಡ ಮಾಡದ ಕಚೇರಿ ಒಂದು ತೋರಿಸು ಈ ಮುಲ್ಕಿನಾಗ."

"ಜೋಳ ತಡ ಮಾಡಂಗಿಲ್ಲಲ್ರಿ ಅಪ್ಪಾ."

(ಇಷ್ಟು ಚುರುಕಾದ ಮಾತು ಶೇಖಮ್ಮನ ಬಾಯಲ್ಲಿ ಬಂದದ್ದು ನೋಡಿ ಓದುಗರಿಗೇ ಗೊತ್ತಾಗಿರಬೇಕು, ಇದು ನಡೆದದ್ದಲ್ಲ, ಬರೆದದ್ದು.)

೪

ಗೋಪಮ್ಮನನ್ನು ಬರೆಯುವುದು ಇನ್ನೂ ಕಷ್ಟ. ಹೊಡೆದುಹಾಕಿದ ಕರಡು ಹೀಗಿದೆ:

'ಗೋಪಮ್ಮ ಕಚೇರಿಯ ಮೆಟ್ಟಿಲ ಮೇಲೆ ಕುಸಿದಳು. ಬಾಡಿದ ಕಣ್ಣಿನಿಂದ ಹನಿಗಳು ಒಂದೊಂದಾಗಿ ಉದುರಿ ಸೆರಗನ್ನು...'

"ಯವ್ವಾ, ಏನಿದು?" ಎಂದು ಕರಡಿನ ಗೋಪಮ್ಮ ಎದ್ದು ಕೂತಳು. "ನಾ ಯಾವತ್ತು ಅತ್ತೀನಿ ಕಚೇರಿ ಮುಂದ?"

"ಓದೋರಿಗೆ ಮರುಕ ಬರಬೇಕಲ್ಲ ಗೋಪಮ್ಮ."

"ಮರುಕ ತಗೊಂಡು ಏನ್ ಮಾಡ್ಲಿ? ಪುಂಡಿಪಲ್ಯದಾಗ ಹಾಕಿ ಕುದಿಸ್ಲೇನು? ಗಂಡ ಸತ್ತಾಗ ಅತ್ತೀನಿ, ಅದು ಸಾಕು. ಹೊಲಕ್ಕ ಯಾಕ ಅಳ್ಲಿ, ಹೊಲೇನು ಸತ್ತದ?"

"ಮತ್ತ ನಿನ್ನ ಹ್ಯಾಂಗ ಬರೀಲಿ?"

"ಬರೀಬ್ಯಾಡ. ನಿನಗ ಗೊತ್ತದಲ್ಲ, ಅದನ್ನ ಹೇಳು."

"ಹೇಳಬಾರದು ಅಂತ ಅಪ್ಪ ಅಂದಾರ."

"ಹಂಗಾರ ನನ್ನ ಈ ಹಾಳಿಯಿಂದ ಹೊರಗ ಬಿಡು ತಾಯಿ. ನನಗ ಕೆಲಸ ಅದ."

ಹೊರಗೆ ಬಿಟ್ಟರೂ ಅವಳು ಹೋಗುವುದು ಎಲ್ಲಿಗೆ? ಅಸಲಿ ಗೋಪಮ್ಮ ಪ್ರತಿ ಶನಿವಾರ ಸಂತೆ ಮುಗಿಸಿ ಮನೆಯ ಹಿತ್ತಲ ಬಾಗಿಲಿಗೆ ಬರುತ್ತಾಳೆ. ಅಪ್ಪನ ರೀತಿ ಅವಳಿಗೂ ಗೊತ್ತು. ಒಂದು ಹಿಡಿ ಸೊಪ್ಪನ್ನೂ ತರುವುದಿಲ್ಲ. ಮೆಟ್ಟಿಲಿನಾಚೆ ನಿಂತು ಒಂದೇ ಪ್ರಶ್ನೆ ಕೇಳುತ್ತಾಳೆ.

"ಯವ್ವಾ, ಸಾಹೇಬ್ರು ನಂದು ಬರದ್ರೇನು?"

"ಗೊತ್ತಿಲ್ಲ ಗೋಪಮ್ಮ."

"ಆಗ್ಲಿ ತಾಯಿ. ಓದಿದ ಮಗಳು ಇದ್ದೀ ಅಂತ ಕೇಳಿದೆ."

ಎಂಟು ಶನಿವಾರ. ಎಂಟು 'ಗೊತ್ತಿಲ್ಲ'. ಬೈದಿದ್ದರೆ ಕಥೆಗೆ ಅನುಕೂಲವಾಗುತ್ತಿತ್ತು. ಅವಳು ಪ್ರತಿ ಸಲವೂ "ಆಗ್ಲಿ ತಾಯಿ" ಎಂದೇ ಹೋಗುತ್ತಾಳೆ.

೫

ಈಗ ಸಭೆ. ಇದನ್ನು ನಗೆಬರಹ ಮಾಡಬೇಕೆಂದು ಶೇಖಮ್ಮನಿಗೆ ಆಸೆಯಿತ್ತು. ನಗುವುದಾದರೆ ನಗಿ.

ಮಾನ್ವಿಯ ಮೊದಲ ಚುನಾವಣಾ ಸಭೆಗೆ ಮಂದಿ ಕರೆಯುವ ಕೆಲಸ ಕಚೇರಿಯ ಚಪರಾಸಿ ಖಾಜಾನ ಪಾಲಿಗೆ ಬಂತು. ಖಾಜಾ ಇಪ್ಪತ್ತು ವರ್ಷದಿಂದ ಊರೂರಿಗೆ ಸಮನ್ಸ್ ಮುಟ್ಟಿಸಿದವನು. ಅವನಿಗೆ ಗೊತ್ತಿದ್ದ ಮನೆಗಳು ಕಕ್ಷಿದಾರರ ಮನೆಗಳು. ಗೊತ್ತಿದ್ದ ಮಾತೂ ಒಂದೇ: "ಮುನ್ಸಿಫ್ ಸಾಹೇಬರ ಮುಂದೆ ಹಾಜರಾಗತಕ್ಕದ್ದು." ಹ್ಯಾಂಡ್‌ಬಿಲ್ಲಿನ ಕಟ್ಟು ಚೀಲಕ್ಕೆ ಹಾಕಿಕೊಂಡ. ಜೊತೆಗೆ ರೂಢಿಯಂತೆ ಮಸಿಯ ಡಬ್ಬಿಯನ್ನೂ ಹಾಕಿಕೊಂಡ. ಮನೆಮನೆಗೆ ಹೋಗಿ ಒಂದು ಹ್ಯಾಂಡ್‌ಬಿಲ್ ಕೊಟ್ಟ, ಇನ್ನೊಂದರ ಬೆನ್ನಿಗೆ 'ಮುಟ್ಟಿತು' ಎಂದು ಹೆಬ್ಬೆಟ್ಟು ಒತ್ತಿಸಿಕೊಂಡ. ಶೇಖಮ್ಮನ ಚೆಂದದ ವಾಕ್ಯದ ಬೆನ್ನಿಗೆ.

ಸಂಜೆ ಐದಕ್ಕೆ ಕಚೇರಿಯ ಮುಂದಿನ ಬಯಲಿನಲ್ಲಿ ಇನ್ನೂರಕ್ಕೂ ಮೇಲೆ ಜನ. ಎಲ್ಲರ ಕಂಕುಳಲ್ಲೂ ಅರಿವೆಯಲ್ಲಿ ಸುತ್ತಿದ ಕಾಗದ. ಕೆಲವರು ಸಾಕ್ಷಿಗಳನ್ನೂ ಕರೆತಂದಿದ್ದರು. ಯಾರೂ ಹೇಳದೆ ತಾವೇ ಎರಡು ಸಾಲಾದರು: ವಾದಿಗಳು ಬಲಕ್ಕೆ, ಪ್ರತಿವಾದಿಗಳು ಎಡಕ್ಕೆ. ಬಲದ ಸಾಲಿನ ತುದಿಯಲ್ಲಿ ಗೋಪಮ್ಮ. ಅವಳಿಗೆ ಮತವೇ ಇಲ್ಲ. ಖಾಜಾನಿಗೆ ಆ ವ್ಯತ್ಯಾಸ ಗೊತ್ತಿರಲಿಲ್ಲ.

ಅಪ್ಪ ಅರ್ಧ ಗಂಟೆ ಮಾತಾಡಿದರು. ಒಳ್ಳೆಯ ಭಾಷಣ. ಕಾಲುವೆ ಎಂದರು, ಶಾಲೆ ಎಂದರು. ಯಾರೂ ಚಪ್ಪಾಳೆ ತಟ್ಟಲಿಲ್ಲ. ಕಚೇರಿಯಲ್ಲಿ ಚಪ್ಪಾಳೆ ತಟ್ಟಿದವನನ್ನು ಹೊರಗೆ ಹಾಕುತ್ತಾರೆಂದು ಎಲ್ಲರಿಗೂ ಗೊತ್ತು. ಭಾಷಣ ಮುಗಿದ ಮೇಲೂ ಯಾರೂ ಕದಲಲಿಲ್ಲ. ಕೊನೆಗೆ ಯಮನೂರಪ್ಪನೆಂಬ ಮುದುಕ ರುಮಾಲು ತೆಗೆದು ಕೈಮುಗಿದ.

"ಮುಂದಿನ ತಾರೀಖು ಯಾವತ್ತು ಕೊಟ್ರಿ ಸಾಹೇಬ್ರೇ?"

ಅಪ್ಪ ಖಾಜಾನನ್ನು ಬದಿಗೆ ಕರೆದರು. "ಏನ್ ಮಾಡಿ ಬಂದೀಯೋ ನೀ?"

"ನಾ ಏನ್ ಮಾಡ್ಲಿ ಸಾಬ್? ಹೋದ ಮನಿಗೆಲ್ಲ ಅದೇ ಮಾತು ಹೇಳಿ ನಾಲಿಗಿ ತಿರಗ್ಯದ. ಆದ್ರ ನೋಡ್ರಿ, ಒಬ್ಬಾಂವ ತಪ್ಪಿಸಿಲ್ಲ!"

ಇಲ್ಲಿಯ ತನಕ ಇದು ಖಾಜಾನ ತಪ್ಪು. ಆಮೇಲಿನದು ಅಲ್ಲ. ದೇವದುರ್ಗದಿಂದ ಬಂದಿದ್ದ ರಾಮಲಿಂಗಪ್ಪ ಹೆಬ್ಬೆಟ್ಟು ಬಿದ್ದ ಹ್ಯಾಂಡ್‌ಬಿಲ್ಲುಗಳನ್ನು ತಿರುವಿ ನೋಡಿ ತೊಡೆ ತಟ್ಟಿ ನಕ್ಕ.

"ದೇವರಂಥಾ ಕೆಲಸ ಮಾಡೀದೀ ಖಾಜಾ! ಸಾಹೇಬ್ರೇ, ಇವನ್ನ ಕಟ್ಟಿಡ್ರಿ. ಇಷ್ಟು ಮಂದಿ ನಮ್ಮ ಕಡೆ ಅದಾರ ಅಂತ ಪೇಪರಿಗೆ ಕಳಸೋಣು. ಹೆಬ್ಬೆಟ್ಟು ಹೆಬ್ಬೆಟ್ಟೇ ಅಲ್ಲೇನ್ರಿ?"

ಅಪ್ಪ ಇಲ್ಲ ಎನ್ನುತ್ತಾರೆಂದು ಶೇಖಮ್ಮ ಕಚೇರಿಗೆ ಹೊಂದಿದ ಮನೆಯ ಕಿಟಕಿಯ ಹಿಂದೆ ಕಾದಳು. ಆರು ವರ್ಷ ಹೆಬ್ಬೆಟ್ಟು ಯಾವುದಕ್ಕೆ ಒತ್ತಿದ್ದು ಎಂದು ಕೇಳಿ ಕೇಳಿ ಫೈಸಲಾ ಬರೆದವರು. ಬಡವನ ಬೆರಳು ಹಿಡಿದು ಒತ್ತಿಸಿದ ಪತ್ರವನ್ನು ಕುರ್ಚಿಯಲ್ಲಿ ಕೂತೇ ಎರಡು ತುಂಡು ಮಾಡಿದವರು.

ಅಪ್ಪ ಕನ್ನಡಕ ಒರೆಸಿಕೊಂಡರು. "ಒಳಗ ಇಡ್ರಿ. ಆಮ್ಯಾಲ ನೋಡೋಣು," ಎಂದರು.

(ಇದು ನಗೆಬರಹ ಆಗಲಿಲ್ಲ. ಕ್ಷಮಿಸಿ.)

೬

ಒಂದು ಪ್ರಶ್ನೆ ಶೇಖಮ್ಮನನ್ನು ಕಾಡುತ್ತಿತ್ತು. ಊರಿನವರು ಅಪ್ಪನನ್ನು ಗೆಲ್ಲಿಸುತ್ತಾರೋ ಇಲ್ಲವೋ? ಉತ್ತರ ಸಿಕ್ಕಿದ್ದು ಕಚೇರಿಯ ಬೇವಿನ ಮರದಡಿ. ಅವಳ ಕೋಣೆಯ ಕಿಟಕಿ ಅತ್ತ ತೆರೆಯುತ್ತದೆ. ವಿಚಾರಣೆಯ ಪೇಶಿಗೆ ಬಂದವರು ತಮ್ಮ ಹೆಸರು ಕೂಗುವ ತನಕ ಅಲ್ಲಿ ಕೂತು ಮಾತಾಡುತ್ತಾರೆ. ಆ ದಿನ ಯಮನೂರಪ್ಪ ಇದ್ದ. ಅವನ ಬಾವಿಯ ಮೇಲೆ ದಾವೆ ಹಾಕಿದ ಪಕ್ಕದ ಹೊಲದ ಹುಸೇನಪ್ಪನೂ ಇದ್ದ. ಒಬ್ಬರ ಮೇಲೊಬ್ಬರು ದಾವೆ ಹಾಕಿ, ಒಂದೇ ತಂಬಾಕಿನ ಚಿಲುಮೆ ಸೇದುತ್ತಿದ್ದರು.

"ನೀ ಯಾರಿಗೆ ಹಾಕ್ತೀಪಾ ಯಮನೂರಣ್ಣ?"

"ಸಾಹೇಬ್ರಿಗೇ. ನೀ?"

"ನಾನೂ ಸಾಹೇಬ್ರಿಗೇ. ನೀ ಹಾಕಿ ನಾ ಬಿಟ್ರ ಬಾವಿ ನಿನ್ನ ಕಡೆ ಆಗ್ತದ."

"ಇಬ್ಬರೂ ಹಾಕಿದ್ರ?"

"ಬಾವಿ ಹೆಂಗಿತ್ತೋ ಹಂಗ."

ಹೊಗೆ ಬಿಟ್ಟು ಇಬ್ಬರೂ ನಕ್ಕರು. ಆಮೇಲೆ ಯಮನೂರಪ್ಪ ತಗ್ಗಿದ ದನಿಯಲ್ಲಿ ಹೇಳಿದ: "ಗೆದ್ರ ಚಿಂತಿಲ್ಲೋ. ಗೆದ್ರ ಹೈದ್ರಾಬಾದಿಗೆ ಹೋಗ್ತಾರ, ಹೊಸಬರು ಬರ್ತಾರ. ಸೋತ್ರ ಏನು ಗತಿ? ಸೋತ್ರ ಇಲ್ಲೇ ಬಂದು ಕುಂದ್ರತಾರ. ಯಾರು ಹಾಕಲಿಲ್ಲ ಅಂತ ಒಬ್ಬೊಬ್ಬರ ಮುಖ ನೋಡ್ತಾರ."

"ನಮ್ಮ ಸಾಹೇಬ್ರು ಅಂಥಾವರಲ್ಲಪಾ."

"ಅಲ್ಲ. ಖರೇನೇ ಅಂಥಾವರಲ್ಲ. ಆದ್ರ ಇನ್ಮ್ಯಾಲ ನನ್ನ ಬಾವಿ ಹೋದ್ರ, ನ್ಯಾಯಕ್ಕ ಹೋತೋ ಓಟಿಗೆ ಹೋತೋ, ನನಗ ಹ್ಯಾಂಗ ತಿಳೀಬೇಕು?"

ಹೈದರಾಬಾದಿನಲ್ಲಿ ಮೂರು ವರ್ಷ ರಾಜ್ಯಶಾಸ್ತ್ರ ಓದಿದ ಶೇಖಮ್ಮ ಆ ಮಾತನ್ನು ಇದ್ದದ್ದು ಇದ್ದ ಹಾಗೆ ಬರೆದುಕೊಂಡಳು. ಅವಳು ದಿನಚರಿಯಲ್ಲಿ ಬರೆದ ಹನ್ನೊಂದು ಪುಟ ವಾದವನ್ನು ಆ ಮುದುಕ ಚಿಲುಮೆ ಆರುವುದರೊಳಗೆ ಮುಗಿಸಿದ್ದ. ಲೇಖಕಿಗೆ ಇದರಿಂದ ಹೊಟ್ಟೆಕಿಚ್ಚಾಯಿತು ಎಂಬುದನ್ನೂ ದಾಖಲಿಸಬೇಕು.

೭

ಕಥೆಗೆ ಎಂಡಿಂಗ್ ಬೇಕು. ಮೂರು ಬರೆದಿದ್ದಾಳೆ. ಬೇಕಾದದ್ದನ್ನು ಆರಿಸಿಕೊಳ್ಳಿ ಎಂದು ನಿಮಗೇ ಬಿಟ್ಟುಬಿಡಬಹುದಿತ್ತು. ಆದರೆ ಒಂದೂ ನಿಲ್ಲುತ್ತಿಲ್ಲ.

ಮೊದಲನೆಯದು. ಶೇಖಮ್ಮ ಪೆಟ್ಟಿಗೆ ತೆಗೆದು ಒಂಬತ್ತು ಹಾಳೆಗಳನ್ನು ಗೋಪಮ್ಮನ ಕೈಗಿಡುತ್ತಾಳೆ. ಗೋಪಮ್ಮ ಉರ್ದು ಹಾಳೆಯನ್ನು ತಲೆಕೆಳಗೆ ಹಿಡಿದು ನೋಡುತ್ತಾಳೆ. ಓದಿಸಲು ಯಾರಲ್ಲಿಗೆ ಹೋಗಬೇಕು? ಕಚೇರಿಗೇ. ಕಳುವಿನ ಕಾಗದವೆಂದು ಅವಳನ್ನೇ ಹಿಡಿಯುತ್ತಾರೆ. ಹೊಡೆದುಹಾಕಿದೆ.

ಎರಡನೆಯದು. ಅಪ್ಪ ಗೆಲ್ಲುತ್ತಾರೆ, ರಾಜೀನಾಮೆ ಕೊಡುತ್ತಾರೆ. ಓದದ ಫೈಸಲಾ ಫೈಸಲಾ ಅಲ್ಲ. ಹೊಸ ಮುನ್ಸಿಫರು ಬಂದು ಸಾಕ್ಷಿಗಳನ್ನು ಮೊದಲಿನಿಂದ ಕರೆಯುತ್ತಾರೆ. ಸಾಕ್ಷಿಗಳಲ್ಲಿ ಇಬ್ಬರು ಅಷ್ಟರಲ್ಲಿ ಸತ್ತಿರುತ್ತಾರೆ. ಅಪ್ಪ ಮಜ್ಲಿಸ್ಸಿನಲ್ಲಿ ಉಳುವವರ ಕಷ್ಟದ ಬಗ್ಗೆ ಭಾಷಣ ಮಾಡುತ್ತಾರೆ. ಆ ಭಾಷಣವನ್ನು ಬರೆದುಕೊಡುವವಳು ಶೇಖಮ್ಮ. ವಾಕ್ಯಗಳು ಚೆನ್ನಾಗಿರುತ್ತವೆ. ಹೊಡೆದುಹಾಕಿದೆ, ಎರಡು ಸಲ.

ಮೂರನೆಯದರಲ್ಲಿ ಅಪ್ಪ ಸೋಲುತ್ತಾರೆ. ಮರುದಿನ ಹತ್ತೂವರೆಗೆ ಕುರ್ಚಿಗೆ ಬರುತ್ತಾರೆ. ಪೆಟ್ಟಿಗೆಯಿಂದ ಫೈಸಲಾ ತೆಗೆದು ಓದುತ್ತಾರೆ: ಹೊಲ ಗೋಪಮ್ಮನದು. ಒಂಬತ್ತೂ ಹಾಳೆ ನ್ಯಾಯ, ಒಂದು ಅಕ್ಷರ ತಿದ್ದಿಲ್ಲ. ಆದರೆ ಮರದಡಿ ಕೂತವರು ಏನೆನ್ನುತ್ತಾರೆ? 'ದೇವದುರ್ಗದಾಗ ಓಟು ಬೀಳಲಿಲ್ಲಂತ, ಅದಕ್ಕ ಸಾಹುಕಾರನ ಮ್ಯಾಲ ಸೇಡು ತೀರಿಸಿಕೊಂಡ್ರು.' ನ್ಯಾಯವಾದ ಫೈಸಲಾ ಕೂಡ ಸೇಡಿನ ಹಾಗೆ ಕಾಣುತ್ತದೆ. ಅದು ಸೇಡಲ್ಲವೆಂದು ಅಪ್ಪ ಸಾಬೀತು ಮಾಡಲಾರರು. ಹಾಳೆಯ ಮೇಲಿನ ತಾರೀಖು ಬಹಮನ್ ತಿಂಗಳದ್ದು ಎಂದು ತೋರಿಸಬೇಕಾದರೆ, ಇಷ್ಟು ದಿನ ಏಕೆ ಓದಲಿಲ್ಲ ಎಂದು ಹೇಳಬೇಕು. ಮತ್ತು ಜೋಳ ಹಗೇವಿನಲ್ಲಿರುತ್ತದೆ.

ಈ ಮೂರನೆಯದನ್ನು ಓದಿ ಕರಡಿನ ಅಪ್ಪ ಜಗಳ ಮಾಡಲಿಲ್ಲ. "ಇದನ್ನ ಹರದು ಹಾಕು ಶೇಖಮ್ಮ," ಎಂದರು. ಹರಿಯಲಿಲ್ಲ.

೮

ಇನ್ನು ಬರೆಯುವುದು ನಡೆದದ್ದು. ಶನಿವಾರ, ಸಂತೆಯ ದಿನ, ಬಿಸಿಲು ಇಳಿಯುವ ಹೊತ್ತು.

ರಾಮಲಿಂಗಪ್ಪ ಮನೆಗೇ ಬಂದಿದ್ದ. ಮರುದಿನ ದೇವದುರ್ಗದಲ್ಲಿ ಸಭೆ. ಅಪ್ಪನ ಊಟ, ವಸ್ತಿ ಎಲ್ಲ ಅವನ ಮನೆಯಲ್ಲೇ ಎಂದು ನಿಕ್ಕಿಯಾಗಿತ್ತು. ಕಟ್ಟೆಯ ಮೇಲೆ ಅಪ್ಪನ ಸಮಸಮಕ್ಕೆ ಕ್ಯಾನ್ವಾಸ್ ಕುರ್ಚಿಯಲ್ಲಿ ಕಾಲು ಚಾಚಿ ಕೂತಿದ್ದ. ಶೇಖಮ್ಮ ಒಳಗೆ ಚಹಾ ಸೋಸುತ್ತಿದ್ದಳು. ಮಾತು ಕೇಳುತ್ತಿತ್ತು.

"ಸೋಮವಾರ ನೀರಮಾನ್ವಿ ಕಡೆ ಜ್ವಾಳ ಕೊಯ್ಯಾಕ ಆಳು ಹೇಳೀನ್ರಿ ಸಾಹೇಬ್ರೇ. ತೆನಿ ಬಲತಾವ, ಬಿಟ್ರ ಹಕ್ಕಿ ತಿಂತಾವ."

ಅಪ್ಪನ ಕುರ್ಚಿ ಕಿರುಗುಟ್ಟಿತು. ರಾಮಲಿಂಗಪ್ಪ, "ತಪ್ಪೇನಿಲ್ಲಲ್ರಿ? ಕಚೇರಿನೇ ನನ್ನ ಸುಪರ್ದಿಗೆ ಕೊಟ್ಟದ," ಎಂದ.

"ತಪ್ಪೇನಿಲ್ಲ," ಎಂದರು ಅಪ್ಪ.

(ಇಲ್ಲಿ ರಾಮಲಿಂಗಪ್ಪನ ಮೀಸೆ, ಉಂಗುರ, ಕ್ರೂರ ನಗೆ ಬರೆಯಬಹುದಿತ್ತು. ಅವನಿಗೆ ಮೀಸೆ ಇರಲಿಲ್ಲ. ಹಿತವಾದ ದನಿ. ಶೇಖಮ್ಮನಿಗೆ 'ತಂಗಿ' ಎನ್ನುತ್ತಿದ್ದ.)

ಅವಳು ಎರಡು ಕಪ್ಪು-ಬಸಿ ಹಿಡಿದು ಹೊರಗೆ ಬಂದಾಗ ಗೋಪಮ್ಮ ಕಟ್ಟೆಯ ಕೆಳಗೆ ನಿಂತಿದ್ದಳು. ಈ ಸಲ ಹಿತ್ತಲಿಗೆ ಬಂದಿರಲಿಲ್ಲ. ಸೋಮವಾರದ ಸುದ್ದಿ ಅವಳಿಗೆ ಸಂತೆಯಲ್ಲೇ ಮುಟ್ಟಿತ್ತು. ತಲೆಯ ಮೇಲಿನ ಬುಟ್ಟಿ ಇಳಿಸದೆ, ರಾಮಲಿಂಗಪ್ಪನ ಕಡೆ ತಿರುಗಿಯೂ ನೋಡದೆ, ಅಪ್ಪನನ್ನೇ ಕೇಳಿದಳು.

"ಸಾಹೇಬ್ರೇ, ಸಿಟ್ಟಾಗಬ್ಯಾಡ್ರಿ. ನಂದು ಬರದ್ರೇನ್ರಿ?"

ರಾಮಲಿಂಗಪ್ಪ ನಕ್ಕ. "ಏನ್ ಧೈರ್ಯ ನೋಡ್ರಿ ಮುದುಕಿದು. ಲೇ ಗೋಪಿ, ಕಚೇರಿ ಅಲ್ಲ ಇದು, ಮನಿ."

"ನೀವು ಕುಂತೀರಲ್ರಿ ಸಾಹುಕಾರ್ರೇ. ಅದಕ್ಕ ಕಚೇರಿ ಇಲ್ಲೇ ನಡದದೇನೋ ಅಂದ್ಕೊಂಡೆ," ಎಂದಳು ಗೋಪಮ್ಮ. ದನಿ ಏರಿಸಲಿಲ್ಲ.

ರಾಮಲಿಂಗಪ್ಪನ ನಗು ಅಲ್ಲೇ ನಿಂತಿತು. ಇಬ್ಬರೂ ಅಪ್ಪನ ಕಡೆ ನೋಡಿದರು.

ಶೇಖಮ್ಮನಿಗೆ ಗೊತ್ತಿದ್ದ ಹಾಗೆ ಅಪ್ಪ ಆ ದಿನದ ತನಕ ಸುಳ್ಳು ಹೇಳಿರಲಿಲ್ಲ. ತಾರೀಖು ಮುಂದೆ ಹಾಕಿದ್ದರು, ಸುಮ್ಮನಿದ್ದರು, ಕನ್ನಡಕ ಒರೆಸಿದ್ದರು. ಆ ಸಣ್ಣ ಸಂದಿಯಲ್ಲಿ ಅವಳೂ ಎರಡು ತಿಂಗಳು ಮೈ ಅಡಗಿಸಿಕೊಂಡಿದ್ದಳು. ಅಪ್ಪ ಸುಳ್ಳು ಹೇಳಿಲ್ಲ, ಬರೀ ಹೇಳಿಲ್ಲ. ಹಾಗಾದರೆ ನನ್ನ 'ಗೊತ್ತಿಲ್ಲ' ಕೂಡ ಅಷ್ಟು ದೊಡ್ಡದಲ್ಲ, ಎಂದು.

ಅಪ್ಪ ಗೋಪಮ್ಮನ ಮುಖ ನೋಡಲಿಲ್ಲ. ಅಂಗಳದ ಕಲ್ಲು ನೋಡುತ್ತ ಹೇಳಿದರು.

"ಇನ್ನಾ ಬರದಿಲ್ಲಬೇ. ವಿಚಾರ ನಡದದ. ನಿನ್ನ ಕೇಸು ತೊಡಕಿಂದು."

"ಆಗ್ಲಿ ಯಪ್ಪಾ," ಎಂದು ಗೋಪಮ್ಮ ತಿರುಗಿದಳು.

ಶೇಖಮ್ಮ ಕಥೆಯನ್ನು ಇಲ್ಲಿ ನಿಲ್ಲಿಸುತ್ತಾಳೆ. ಅಪ್ಪನ ಕೈಯಿಂದ ಏನು ಬಿತ್ತು, ರಾಮಲಿಂಗಪ್ಪ ಎದ್ದನೋ ಕೂತೇ ಇದ್ದನೋ, ಸೋಮವಾರ ಕುಡುಗೋಲು ಹಿಡಿದು ಹೊಲಕ್ಕೆ ಇಳಿದವರು ಯಾರು, ಅಪ್ಪ ಗೆದ್ದರೇ, ಸೋತರೇ, ಮುನ್ಸಿಫರಾಗಿ ಉಳಿದರೇ, ಅವಳು ಆ ಮನೆಯಲ್ಲಿ ಮಗಳಾಗಿ ಉಳಿದಳೇ, ಇದಾವುದನ್ನೂ ಬರೆಯುವುದಿಲ್ಲ. ಕೇಳಬೇಡಿ. ಬರೆದರೆ ಒಂದು ವಾಕ್ಯ ಚೆನ್ನಾಗಿ ಬಂದುಬಿಡುತ್ತದೆ, ಅದಕ್ಕೆ ಅವಳು ಮತ್ತೆ ಹಿಗ್ಗುತ್ತಾಳೆ. ಆ ಸಂಜೆ ಶೇಖಮ್ಮ ಬರೆಯಲಿಲ್ಲ. ಎರಡೂ ಕೈಯಲ್ಲಿ ಕಪ್ಪು-ಬಸಿ ಇದ್ದವು. ಅವನ್ನು ಕಟ್ಟೆಯ ಮೇಲೆ ಇಟ್ಟಳು. ಗೋಪಮ್ಮ ಅಂಗಳ ದಾಟುತ್ತಿದ್ದಳು. ಮೂರು ಜನ ಕೇಳುವಷ್ಟು ಗಟ್ಟಿಯಾಗಿ ಶೇಖಮ್ಮ ಮಾತಾಡಿದ್ದು ಅದೇ ಮೊದಲು.

"ನಿಲ್ಲು ಗೋಪಮ್ಮ. ಬರದಾಗಿ ಎರಡು ತಿಂಗಳಾತು. ನಾನೇ ಸಾಫ್ ಮಾಡೀನಿ. ಹೊಲ ನಿಂದು."